ಗಂಜಿಯ ಜತೆ ಎಂತ ಇತ್ತು?

ಡಿಸೆಂಬರ್ ಬಂತೆಂದರೆ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಮಂಜೇಶ್ವರ, ಬದಿಯಡ್ಕ ಕಡೆ ಶನಿವಾರದ ರಾತ್ರಿಗಳೆಲ್ಲ ಕಬಡ್ಡಿಗೆ ಮೀಸಲು. ಕೊಯ್ಲಾದ ಗದ್ದೆಯಲ್ಲೋ ಶಾಲೆಯ ಮೈದಾನದಲ್ಲೋ ಹೊನಲು ಬೆಳಕಿನ ಪಂದ್ಯಾಟ, ಮೈಕಿನಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಒಟ್ಟಿಗೆ. ಕರೆಪತ್ರದಲ್ಲಿ ರಾತ್ರಿ ಎಂಟು ಗಂಟೆ ಎಂದಿದ್ದರೂ ಉದ್ಘಾಟನೆ, ಸನ್ಮಾನ, ಭಾಷಣ ಎಲ್ಲ ಕಳೆದು ಮೊದಲ ರೈಡ್ ಆಗುವಾಗ ಹತ್ತು ದಾಟಿರುತ್ತದೆ. ಫೈನಲ್ ಮುಗಿಯುವಾಗ ಬೆಳಗಾಗುತ್ತದೆ. ನಾನು ಈ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ದೈಹಿಕ ಶಿಕ್ಷಣದ ಟೀಚರ್. ಮಕ್ಕಳನ್ನು ಆಟಕ್ಕೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಅವರ ಹಿಡಿತ, ಕಾಲಿನ ಚುರುಕು ನೋಡುವಷ್ಟೇ ಗಮನವಿಟ್ಟು ನಾನು ಅವರ ತಿಂಡಿ, ಊಟವನ್ನೂ ನೋಡುತ್ತೇನೆ.

"ಎಂತ ತಿಂದೆ ಮಗಾ?" ಎಂದರೆ ಹೆಚ್ಚಿನವರದ್ದು ಒಂದೇ ಉತ್ತರ. "ಎಂತ ಇಲ್ಲ ಟೀಚರ್. ತಿಂದರೆ ಹೊಟ್ಟೆ ಭಾರ ಆಗ್ತದೆ. ಆಟ ಆದ ಮೇಲೆ ತಿನ್ನುದು."

ಮಧ್ಯಾಹ್ನ ಒಂದು ಗಂಟೆಗೆ ಉಂಡ ಹುಡುಗ ರಾತ್ರಿ ಹನ್ನೊಂದಕ್ಕೆ ಅಂಕಣಕ್ಕೆ ಇಳಿಯುತ್ತಾನೆ. ನಡುವಿನ ಹತ್ತು ಗಂಟೆಯಲ್ಲಿ ಅವನ ಹೊಟ್ಟೆಗೆ ಹೋದದ್ದು ಒಂದು ಚಾ, ಒಂದು ಪೊಟ್ಟಣ ಚರುಂಬುರಿ, ಹತ್ತು ರೂಪಾಯಿಯ ಚಿಪ್ಸ್. ಒಂದು ರೈಡ್ ಅಂದರೆ 30 ಸೆಕೆಂಡು. ಆ ಅರ್ಧ ನಿಮಿಷದಲ್ಲಿ ಜಿಗಿದು, ಬಗ್ಗಿ, ನಾಲ್ಕು ಜನ ಮೈಮೇಲೆ ಬಿದ್ದರೂ ಗೆರೆ ಮುಟ್ಟಬೇಕು. ಇಂಥ ಸಿಡಿತಕ್ಕೆ ದೇಹ ಬಳಸುವುದು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜೆನ್ನನ್ನು, ಅಂದರೆ ಅನ್ನದಿಂದ, ದೋಸೆಯಿಂದ, ಬಾಳೆಹಣ್ಣಿನಿಂದ ಬಂದ ಪಿಷ್ಟದ ದಾಸ್ತಾನನ್ನು. ಸೆಮಿಫೈನಲ್ಲಿನಲ್ಲಿ ಕಾಲು ಎಳೆದಂತಾಗುವುದು, ಸುಲಭದ ಹಿಡಿತ ತಪ್ಪುವುದು, ಬಿದ್ದಾಗ ಕೈ ಮುಂದೆ ಬರಲು ತಡವಾಗುವುದು, ಇದನ್ನೆಲ್ಲ ನಾವು "ಪ್ರಾಕ್ಟೀಸ್ ಸಾಲದು" ಎಂದು ಮಕ್ಕಳ ತಲೆಗೆ ಕಟ್ಟುತ್ತೇವೆ. ಎಷ್ಟೋ ಸಲ ಸಾಲದ್ದು ಊಟ.

ಹೊಟ್ಟೆ ಭಾರ ಎಂಬ ಹೆದರಿಕೆ ಸುಳ್ಳಲ್ಲ. ಆಟಕ್ಕೆ ಅರ್ಧ ಗಂಟೆ ಇರುವಾಗ ಪೊರೋಟ, ಬೀಫ್ ಅಥವಾ ಕೋಳಿ ಫ್ರೈ ತಿಂದರೆ ಭಾರವಾಗಿಯೇ ಆಗುತ್ತದೆ, ಎಣ್ಣೆ ಜೀರ್ಣವಾಗಲು ಹೊತ್ತು ಬೇಕು. ಆದರೆ ಮೂರು ಗಂಟೆ ಮೊದಲು ಅನ್ನ, ಸಾರು, ಒಂದು ಪಲ್ಯ, ಒಂದು ಮೀನು ತಿಂದರೆ ಆಟದ ಹೊತ್ತಿಗೆ ಹೊಟ್ಟೆ ಹಗುರ, ಮೈಯಲ್ಲಿ ಶಕ್ತಿ. ಒಂದು ಗಂಟೆ ಮೊದಲು ಎರಡು ಕದಳಿ ಬಾಳೆಹಣ್ಣು. ಪಂದ್ಯದ ನಡುವೆ ಇನ್ನೂ ಒಂದು. ಪಂದ್ಯಾಟ ನಡೆಸುವ ಸಂಘದವರಲ್ಲಿ ಕೈಮುಗಿದು ಕೇಳುವುದು ಎರಡೇ ಸಂಗತಿ. ಹದಿನೆಂಟರ ಒಳಗಿನವರ ಪಂದ್ಯಗಳನ್ನು ಮೊದಲು ಆಡಿಸಿ ಮುಗಿಸಿ. ಮತ್ತೆ ಧ್ವನಿವರ್ಧಕಕ್ಕೆ, ಬೆಳಕಿಗೆ, ಶಾಲು ಹಾರಕ್ಕೆ ತೆಗೆದಿಡುವ ಹಣದಲ್ಲಿ ಸ್ವಲ್ಪ ತೆಗೆದು ಆಟಗಾರರಿಗೆ ಸಂಜೆ ಏಳು ಗಂಟೆಗೇ ಒಂದು ಹೊತ್ತಿನ ಊಟ ಹಾಕಿ. ಊರಿನ ಭೂತಕೋಲಕ್ಕೆ, ನೇಮಕ್ಕೆ, ಉರೂಸಿಗೆ ಸಾವಿರ ಜನಕ್ಕೆ ಬಡಿಸಿ ಗೊತ್ತಿರುವ ಕೈಗಳಿಗೆ ಇದು ದೊಡ್ಡ ಕೆಲಸವೇನೂ ಅಲ್ಲ.

ಈ ವಿಷಯ ಎತ್ತಿದಾಗಲೆಲ್ಲ ನನಗೆ ಪಿ.ಟಿ. ಉಷಾ ನೆನಪಾಗುತ್ತಾರೆ. ಅವರ ಊರು ಪಯ್ಯೋಳಿ ನಮ್ಮಿಂದ ರೈಲಿನಲ್ಲಿ ಕೆಲವೇ ಗಂಟೆಯ ದಾರಿ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಅವರ ಸಮಯ 55.42 ಸೆಕೆಂಡು, ಕಂಚು ಗೆದ್ದ ರುಮೇನಿಯಾದ ಓಟಗಾರ್ತಿಯದ್ದು 55.41. ಆ ಕತೆ ಎಲ್ಲರಿಗೂ ಗೊತ್ತು. ಮುಂದೆ ಬಹಳ ವರ್ಷ ಕಳೆದು ಸಂದರ್ಶನವೊಂದರಲ್ಲಿ ಅವರು ಹೇಳಿದ್ದನ್ನು ಕೇಳಿದವರು ಕಡಿಮೆ. ಅಲ್ಲಿನ ಕ್ರೀಡಾಗ್ರಾಮದ ಊಟ ಅವರಿಗೆ ಒಗ್ಗಲಿಲ್ಲ. ಅಕ್ಕಿ ಗಂಜಿ, ಉಪ್ಪಿನಕಾಯಿ, ಅದರಲ್ಲೇ ದಿನ ಕಳೆದರು. ಬೇರೆ ಪೋಷಣೆ ಇರಲಿಲ್ಲ, ಕೊನೆಯ 35 ಮೀಟರಿನಲ್ಲಿ ಶಕ್ತಿ ಉಳಿಯಲಿಲ್ಲ ಎಂದರು.

ಒಂದು ಪದಕ ಕೈತಪ್ಪಿದ್ದಕ್ಕೆ ಗಂಜಿಯೊಂದೇ ಕಾರಣ ಎಂದು ನಾನು ಹೇಳುವುದಿಲ್ಲ, ಓಟದ ಫಲಿತಾಂಶಕ್ಕೆ ಹತ್ತು ಕಾರಣಗಳಿರುತ್ತವೆ. ಆದರೆ ಗಂಜಿ, ಉಪ್ಪಿನಕಾಯಿ ಎಂದ ಕೂಡಲೇ ನಮ್ಮ ಕಾಸರಗೋಡಿನ ನೂರಾರು ಅಡುಗೆಮನೆ ಕಣ್ಣಿಗೆ ಬರುತ್ತದೆ. ಬೆಳಿಗ್ಗೆ ಬೇಗ ಎದ್ದು ಓಡಲು ಬರುವ ಮಕ್ಕಳಲ್ಲಿ ಬಹಳ ಜನರ ಮನೆಯಲ್ಲಿ ಇಂದಿಗೂ ಅದೇ. ಹಾಗಾಗಿ ಎಂತ ತಿಂದೆ ಎಂದು ಕೇಳಿ ಮುಗಿಸದೆ, ಗಂಜಿಯ ಜತೆ ಎಂತ ಇತ್ತು ಎಂದೂ ಕೇಳುತ್ತೇನೆ.

ಗಂಜಿಯ ಮೇಲೆ ನನಗೆ ದೂರಿಲ್ಲ. ಕುಚ್ಚಲಕ್ಕಿ ಗಂಜಿಯಷ್ಟು ಹಿತವಾದ ಊಟ ಆಟಗಾರನಿಗೆ ಸಿಗುವುದು ಕಷ್ಟ. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನ ಬಿ ಜೀವಸತ್ವ ಕಾಳಿನ ಒಳಗೆ ಇಳಿಯುತ್ತದೆ, ಹಾಗೆ ಬೇಯಿಸದ ಬೆಳ್ತಿಗೆ ಅಕ್ಕಿಗಿಂತ ಇದರಲ್ಲಿ ಥಯಾಮಿನ್, ಅಂದರೆ ಬಿ1, ಹೆಚ್ಚು ಉಳಿಯುತ್ತದೆ. ತಿಳಿಗೆ ಎರಡು ಚಿಟಿಕೆ ಉಪ್ಪು ಹಾಕಿ ಕುಡಿದರೆ ಬೆವರಿನಲ್ಲಿ ಹೋದ ನೀರು, ಉಪ್ಪು ಎರಡೂ ವಾಪಸು. ಕೊರತೆ ಇರುವುದು ಬಟ್ಟಲಿನ ಪಕ್ಕದಲ್ಲಿ. ಉಪ್ಪಿನಕಾಯಿ, ಒಂದು ಹಪ್ಪಳ ಇಟ್ಟರೆ ಬೆಳೆಯುವ ಮೈಗೆ, ಹರಿದು ಮತ್ತೆ ಕೂಡುವ ಸ್ನಾಯುವಿಗೆ ಬೇಕಾದದ್ದು ಸಿಗುವುದಿಲ್ಲ. ಅದೇ ಗಂಜಿಗೆ ಹೆಸರುಕಾಳಿನ ಪಲ್ಯ ಸೇರಿಸಿ ನೋಡಿ. ಪ್ರೋಟೀನ್ ಆಗುವುದು ಅಮೈನೋ ಆಮ್ಲಗಳಿಂದ; ಅವುಗಳಲ್ಲಿ ಅಕ್ಕಿಯಲ್ಲಿ ಕಡಿಮೆ ಇರುವ ಲೈಸಿನ್ ಕಾಳಿನಲ್ಲಿದೆ, ಕಾಳಿನಲ್ಲಿ ಕಡಿಮೆ ಇರುವ ಮೆಥಿಯೋನಿನ್ ಅಕ್ಕಿಯಲ್ಲಿದೆ, ಎರಡೂ ಸೇರಿದಾಗ ಪ್ರೋಟೀನ್ ಪೂರ್ಣವಾಗುತ್ತದೆ. ಕೇರಳದ ಶಾಲೆಗಳಲ್ಲಿ ನಮ್ಮ ಕಾಲದ ಮಕ್ಕಳು ಉಂಡು ಬೆಳೆದ ಗಂಜಿ-ಪಯರು ಇದೇ.

ಒಂದು ಲೆಕ್ಕ ಹೇಳುತ್ತೇನೆ, ಹೆತ್ತವರ ಸಭೆಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸುವ ಲೆಕ್ಕ. ಕಠಿಣವಾಗಿ ಅಭ್ಯಾಸ ಮಾಡುವವರಿಗೆ ದಿನಕ್ಕೆ ಮೈತೂಕದ ಒಂದು ಕಿಲೋಗೆ 1.2ರಿಂದ 2 ಗ್ರಾಂ ಪ್ರೋಟೀನ್ ಬೇಕು ಎಂಬುದು ಕ್ರೀಡಾ ಪೋಷಣೆಯಲ್ಲಿ ಒಪ್ಪಿತವಾದ ಅಳತೆ. 50 ಕಿಲೋ ತೂಗುವ ಹುಡುಗನಿಗೆ ಕಡಿಮೆಯೆಂದರೆ 60 ಗ್ರಾಂ. ದಿನಕ್ಕೆ ಅವನು ತಿನ್ನುವ ಸುಮಾರು 300 ಗ್ರಾಂ ಅಕ್ಕಿಯಲ್ಲೇ ಇಪ್ಪತ್ತರ ಆಸುಪಾಸು ಬಂತು. 50 ಗ್ರಾಂ ಹೆಸರುಕಾಳು ಬೇಯಿಸಿದರೆ 12. ಎರಡು ಮೊಟ್ಟೆಗೆ 12. ಬೂತಾಯಿಯೋ ಬಂಗುಡೆಯೋ ಮೀನಿನ 100 ಗ್ರಾಂ ಮಾಂಸ ಸಿಕ್ಕರೆ 20. ಒಂದು ಲೋಟ ಹಾಲಿಗೆ ಆರು. ಅಲ್ಲಿಗೆ ಎಪ್ಪತ್ತು ಆಯಿತು, ಪ್ರೋಟೀನ್ ಪುಡಿಯ ಡಬ್ಬ ಇನ್ನೂ ಅಂಗಡಿಯಲ್ಲೇ ಇದೆ.

ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ ಕೇರಳದಲ್ಲಿ ಟ್ರಾಲಿಂಗ್, ಅಂದರೆ ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವುದು, ನಿಷೇಧ. ಶಾಲೆ ತೆರೆದು ತಂಡಕ್ಕೆ ಆಯ್ಕೆ ನಡೆಯುವ ಹೊತ್ತಿಗೆ ಮೀನಿನ ಬೆಲೆ ಏರಿರುತ್ತದೆ. ಆಗ ಹುರುಳಿ, ಅಲಸಂಡೆ, ಕಡಲೆ, ನೆಲಗಡಲೆ ಕೈಹಿಡಿಯುತ್ತವೆ. ಹುರುಳಿಯ 100 ಗ್ರಾಂ ಕಾಳಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಜತೆಗೆ ಕಬ್ಬಿಣ. ಹುರುಳಿ ಸಾರು ಮಳೆಗಾಲಕ್ಕೆ ಮೈ ಬೆಚ್ಚಗಿಡುತ್ತದೆ ಎಂದು ಅಜ್ಜಿಯಂದಿರು ಮಾಡುತ್ತಿದ್ದರಲ್ಲ, ಈಗ ಮಾಡುವ ಮನೆ ಕಡಿಮೆಯಾಗಿರುವುದು ನನಗೆ ನಿಜವಾಗಿ ಬೇಸರ ತರುವ ಸಂಗತಿ. ಮೀನು, ಮೊಟ್ಟೆ ಇಲ್ಲದ ಮನೆಯ ಮಕ್ಕಳೂ ನನ್ನ ತಂಡದಲ್ಲಿದ್ದಾರೆ. ಅವರಿಗೆ ಮೊಸರು, ಹಾಲು ದಿನಕ್ಕೆ ಎರಡು ಸಲ ತಪ್ಪದಂತೆ ನೋಡಿಕೊಳ್ಳಿ ಎಂದು ತಾಯಂದಿರಿಗೆ ಹೇಳುತ್ತೇನೆ, ಏಕೆಂದರೆ ಬಿ12 ಜೀವಸತ್ವ ಸೊಪ್ಪು, ಕಾಳುಗಳಲ್ಲಿ ಸಿಗುವುದಿಲ್ಲ.

ಇನ್ನು ನನ್ನನ್ನು ನಿದ್ದೆಗೆಡಿಸುವ ವಿಷಯಕ್ಕೆ ಬರುತ್ತೇನೆ: ತಕ್ಕಡಿ.

ಕಬಡ್ಡಿಯ ಕಿರಿಯರ ವಿಭಾಗಗಳಲ್ಲಿ ವಯಸ್ಸಿನ ಜತೆ ತೂಕಕ್ಕೂ ಮಿತಿಯಿದೆ. ನಮ್ಮಲ್ಲಿ ಅಷ್ಟೇ ಹುಚ್ಚು ಹಿಡಿಸಿರುವ ಹಗ್ಗಜಗ್ಗಾಟದಲ್ಲಿ ಇಡೀ ತಂಡದ ಒಟ್ಟು ತೂಕ ಲೆಕ್ಕ. ಪುಟ್ಟವರು ದೊಡ್ಡವರ ಕೈಗೆ ಸಿಕ್ಕಿ ಪೆಟ್ಟು ತಿನ್ನಬಾರದು ಎಂದೇ ಮಾಡಿದ ನಿಯಮ, ಒಳ್ಳೆಯ ನಿಯಮ. ಆದರೆ ತೂಕ ನೋಡುವ ದಿನ ಮೈದಾನದ ಮೂಲೆಗೆ ಹೋಗಿ ನೋಡಿ. ಒಮ್ಮೆ ಒಬ್ಬ ಹುಡುಗ ಮಳೆಯ ರೈನ್‌ಕೋಟ್ ಹಾಕಿಕೊಂಡು, ಅದರ ಒಳಗೆ ಸ್ವೆಟರ್ ಬೇರೆ, ಬಿಸಿಲಿನಲ್ಲಿ ಸುತ್ತು ಹಾಕುತ್ತಿದ್ದ. ಕೆನ್ನೆಯ ಒಳಗೆ ಹುಣಸೆಹಣ್ಣಿನ ಉಂಡೆ. ಹುಳಿಗೆ ಬಾಯಲ್ಲಿ ನೀರೂರುತ್ತದೆ, ಅದನ್ನು ಅವನು ಕೈಯಲ್ಲಿದ್ದ ಪ್ಲಾಸ್ಟಿಕ್ ಬಾಟ್ಲಿಗೆ ಉಗುಳುತ್ತಿದ್ದ. ಬಾಟ್ಲಿ ಕಾಲು ಭಾಗ ತುಂಬಿತ್ತು. ತುಟಿ ಬಿಳಿಚಿ ಬಿರಿದಿತ್ತು, ಕಣ್ಣು ಒಳಗೆ ಹೋಗಿತ್ತು. ಹಿಂದಿನ ದಿನ ಮಧ್ಯಾಹ್ನದಿಂದ ನೀರು ಮುಟ್ಟಿಲ್ಲ ಎಂದ. ಅವನು ನಮ್ಮ ಶಾಲೆಯವನಲ್ಲ, ಅವನ ಜತೆಗಿದ್ದ ಹಿರಿಯರು ಪಕ್ಕದಲ್ಲೇ ನಿಂತು "ಇನ್ನು ಇನ್ನೂರು ಗ್ರಾಂ ಮಾತ್ರ ಇರುದು, ಓಡು" ಎನ್ನುತ್ತಿದ್ದರು. ನಾನು ರೈನ್‌ಕೋಟ್ ಬಿಚ್ಚಿಸಿದೆ. ಜಗಳವಾಯಿತು. ಮತ್ತೆ ಹಾಗೆ ಕಂಡರೂ ಬಿಚ್ಚಿಸುತ್ತೇನೆ.

ಮೈತೂಕದ ನೂರಕ್ಕೆ ಎರಡರಷ್ಟು ನೀರು ಹೋದರೆ ಸಾಕು, ಆಟದ ಮಟ್ಟ ಕುಸಿಯಲು ಶುರು. 50 ಕಿಲೋದವನಿಗೆ ಅದು ಒಂದು ಲೀಟರ್. ಅದಕ್ಕಿಂತ ಹೆಚ್ಚಾದರೆ ರಕ್ತ ಗಟ್ಟಿಯಾಗುತ್ತದೆ, ಹೃದಯದ ಬಡಿತ ಏರುತ್ತದೆ, ಮೈಯ ಕಾವು ಹೊರಗೆ ಹೋಗುವುದಿಲ್ಲ. ನಮ್ಮ ಕರಾವಳಿಯ ಗಾಳಿಯಲ್ಲೇ ತೇವ ತುಂಬಿರುವುದರಿಂದ ಬೆವರು ಆರುವುದೇ ನಿಧಾನ, ಅಂಥದ್ದರಲ್ಲಿ ಮೈಗೆ ಪ್ಲಾಸ್ಟಿಕ್ ಸುತ್ತಿದರೆ ಏನಾದೀತು? 1997ರ ನವೆಂಬರ್, ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೇ, ರಬ್ಬರ್ ಸೂಟ್ ಹಾಕಿ ಬಿಸಿ ಕೋಣೆಯಲ್ಲಿ ಬೆವರಿಳಿಸುತ್ತಾ ಸತ್ತರು. ಆ ಮೇಲೆ ಅಲ್ಲಿ ಆ ಸೂಟುಗಳನ್ನೇ ನಿಷೇಧಿಸಿ, ತೂಕ ನೋಡುವ ಸಮಯವನ್ನು ಪಂದ್ಯದ ಹತ್ತಿರಕ್ಕೆ ತಂದರು. ತೂಕ ನೋಡಿದ ಮೇಲೆ ಹೊಟ್ಟೆ ತುಂಬಿಸಿಕೊಳ್ಳಲು ಹೊತ್ತು ಇಲ್ಲವೆಂದಾದರೆ ಉಪವಾಸ ಬೀಳಲು ಯಾರೂ ಮುಂದಾಗುವುದಿಲ್ಲ ಎಂಬ ಲೆಕ್ಕ.

2024ರ ಆಗಸ್ಟ್ 7ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ಕುಸ್ತಿಯ 50 ಕಿಲೋ ವಿಭಾಗದ ಫೈನಲ್ ಬೆಳಿಗ್ಗೆ 100 ಗ್ರಾಂ ಹೆಚ್ಚಿದ್ದಕ್ಕೆ ಹೊರಬಿದ್ದಾಗ ನಮ್ಮ ಶಾಲೆಯಲ್ಲೂ ಹೆಣ್ಣುಮಕ್ಕಳು ಅತ್ತರು. ನನಗೂ ಗಂಟಲು ಕಟ್ಟಿತು. ರಾತ್ರಿಯಿಡೀ ನಿದ್ದೆಯಿಲ್ಲದೆ ತೂಕ ಇಳಿಸಲು ಹೆಣಗಿದ ಆಕೆ ನಿರ್ಜಲೀಕರಣದಿಂದ ಆಸ್ಪತ್ರೆ ಸೇರಬೇಕಾಯಿತು. ಆಕೆಯ ಹಿಂದೆ ವೈದ್ಯರು, ಆಹಾರ ತಜ್ಞರು, ತರಬೇತುದಾರರು ಇದ್ದರು, ಆಕೆ ಪ್ರಾಯಕ್ಕೆ ಬಂದ ವೃತ್ತಿಪರ ಕುಸ್ತಿಪಟು. ಅಷ್ಟಿದ್ದೂ ಅಷ್ಟು ಕಷ್ಟವಾದದ್ದನ್ನು ಹದಿನಾಲ್ಕು ವರ್ಷದ ಮಗು ಒಂದು ಹುಣಸೆ ಉಂಡೆ ಇಟ್ಟುಕೊಂಡು ಮಾಡಬೇಕು ಎಂದು ಯಾವ ದೊಡ್ಡವರೂ ಹೇಳಬಾರದು. ಆ ವಯಸ್ಸಿನಲ್ಲಿ ತೂಕ ಏರುವುದು ಬೆಳವಣಿಗೆ. ಹುಡುಗ ಮಿತಿ ದಾಟಿದನೆಂದರೆ ಅವನು ಮೇಲಿನ ವಿಭಾಗಕ್ಕೆ ಹೋಗುವಷ್ಟು ಬೆಳೆದ ಎಂದರ್ಥ. ಅಲ್ಲಿ ಒಂದು ವರ್ಷ ಹೊರಗೆ ಕುಳಿತರೂ ಚಿಂತೆಯಿಲ್ಲ.

ಉಪವಾಸವೆಂದರೆ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವವಳಲ್ಲ ನಾನು. ನಮ್ಮ ತಂಡದ ಅರ್ಧದಷ್ಟು ಮಕ್ಕಳು ರಮಝಾನಿನಲ್ಲಿ ನೋಂಬು ಹಿಡಿಯುತ್ತಾರೆ. ಆ ತಿಂಗಳು ಸಂಜೆಯ ಓಟ ಬಿಟ್ಟು, ಇಫ್ತಾರ್ ಆದ ಮೇಲೆ ಹಗುರವಾಗಿ ಅಭ್ಯಾಸ ಇಟ್ಟುಕೊಳ್ಳುತ್ತೇವೆ. ಬೆಳಗಿನ ಜಾವದ ಊಟದಲ್ಲಿ ಮೊಟ್ಟೆ, ಕಾಳು, ಬೇಕಾದಷ್ಟು ನೀರು ಇರಲಿ ಎಂದು ಉಮ್ಮಂದಿರಿಗೆ ಹೇಳಿದರೆ ಅವರು ನನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ.

ಹೆಣ್ಣುಮಕ್ಕಳ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಈ ಮಾತನ್ನು ಗಂಡಸರ ಎದುರು ಎತ್ತಲು ಅವರೂ ನಾಚುತ್ತಾರೆ, ಅಮ್ಮಂದಿರೂ ನಾಚುತ್ತಾರೆ. ಓಟದ ಹುಡುಗಿಯೊಬ್ಬಳು ಒಳ್ಳೆಯ ಫಾರ್ಮಿನಲ್ಲಿದ್ದಾಗಲೇ ತಿಂಗಳ ಮುಟ್ಟು ನಿಂತಿತು. ಮನೆಯಲ್ಲಿ "ಓಡುವವರಿಗೆ ಹಾಗೆಯೇ" ಎಂದು ಸುಮ್ಮನಾದರು. ಹಾಗೆಯೇ ಅಲ್ಲ. ಖರ್ಚು ಮಾಡುವ ಶಕ್ತಿಗೆ ತಕ್ಕಷ್ಟು ಊಟ ಬರದಿದ್ದಾಗ ದೇಹ ಮೊದಲು ನಿಲ್ಲಿಸುವ ಕೆಲಸಗಳಲ್ಲಿ ಅದೂ ಒಂದು. ಅದರ ಹಿಂದೆಯೇ ಮೂಳೆಯ ಸವೆತ, ಮೊಣಕಾಲಿನ ಕೆಳಗೆ ಕೂದಲೆಳೆಯಂಥ ಬಿರುಕು, ಪದೇ ಪದೇ ಜ್ವರ, ಸಿಡುಕು. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ರೆಡ್-ಎಸ್ ಎಂಬ ಹೆಸರಿಟ್ಟು, ಗಂಡುಮಕ್ಕಳಿಗೂ ಇದು ತಟ್ಟುತ್ತದೆ ಎಂದು ಸ್ಪಷ್ಟಪಡಿಸಿತು. ಮೂರು ತಿಂಗಳು ಮುಟ್ಟು ಬರದಿದ್ದರೆ ಡಾಕ್ಟರರ ಹತ್ತಿರ ಹೋಗಲೇಬೇಕು. ನಮ್ಮ ಹುಡುಗಿ ಡಾಕ್ಟರರು ಹೇಳಿದಂತೆ ಓಟ ಕಡಿಮೆ ಮಾಡಿ, ಊಟ ಹೆಚ್ಚಿಸಿ, ನಿಧಾನಕ್ಕೆ ಸರಿಹೋದಳು.

ಇನ್ನೊಂದು ರಕ್ತಹೀನತೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19ರ ಪ್ರಾಯದ ಹುಡುಗಿಯರಲ್ಲಿ 59.1 ಶೇಕಡಾ ಮಂದಿಗೆ ರಕ್ತಹೀನತೆ ಕಂಡಿತ್ತು. ರಕ್ತದಲ್ಲಿ ಆಮ್ಲಜನಕ ಹೊರುವುದೇ ಕಬ್ಬಿಣದ ಬಲದಿಂದ, ಹಾಗಿರುವಾಗ ಎರಡನೆಯ ಸುತ್ತಿಗೇ ಏದುಸಿರು ಬರುವ ಹುಡುಗಿಗೆ "ಸೋಮಾರಿ" ಎಂದು ಬಯ್ಯುವ ಮೊದಲು ಅವಳ ಕಣ್ಣಿನ ಕೆಳರೆಪ್ಪೆಯ ಒಳಬದಿ ಬಿಳಿಚಿದೆಯೇ ನೋಡಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ನೀಲಿ ಮಾತ್ರೆಯನ್ನು ಮಕ್ಕಳು ಬ್ಯಾಗಿನ ಸಣ್ಣ ಜಿಪ್ಪಿನಲ್ಲಿ ಸೇರಿಸಿಡುತ್ತಾರೆ. ಖಾಲಿ ಹೊಟ್ಟೆಗೆ ನುಂಗಿ ಒಮ್ಮೆ ವಾಕರಿಕೆ ಬಂದರೆ ಸಾಕು, ಮತ್ತೆ ಮುಟ್ಟುವುದಿಲ್ಲ. ಊಟ ಆದ ಮೇಲೆ ಎದುರೇ ನುಂಗಿಸಿದರೆ ತೊಂದರೆ ಕಡಿಮೆ. ನುಗ್ಗೆಸೊಪ್ಪು, ಹರಿವೆ, ಹುರುಳಿಯ ಜತೆ ಒಂದು ನೆಲ್ಲಿಕಾಯಿಯೋ ನಿಂಬೆಹುಳಿಯೋ ಇದ್ದರೆ ಕಬ್ಬಿಣ ಮೈಗೆ ಹತ್ತುತ್ತದೆ. ಊಟದ ಜತೆಗೇ ಕುಡಿಯುವ ಕಟ್ಟಂಚಾಯ, ಅಂದರೆ ಹಾಲಿಲ್ಲದ ಚಾ, ಅದನ್ನು ತಡೆಯುತ್ತದೆ. ಚಾ ಬಿಡಿ ಎಂದರೆ ನಮ್ಮೂರಲ್ಲಿ ಯಾರೂ ಕೇಳುವುದಿಲ್ಲ, ಒಂದು ಗಂಟೆ ತಡಮಾಡಿ ಕುಡಿಯಿರಿ ಎಂದರೆ ಕೇಳುತ್ತಾರೆ.

ಡಬ್ಬ ಮತ್ತು ಕ್ಯಾನುಗಳ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ. ವೇ ಪ್ರೋಟೀನ್ ಎಂದರೆ ಹಾಲು ಒಡೆದಾಗ ಉಳಿಯುವ ನೀರಿನಿಂದ ತೆಗೆದ ಪ್ರೋಟೀನ್, ವಿಷವೂ ಅಲ್ಲ, ಅಮೃತವೂ ಅಲ್ಲ. ಆದರೆ ಬೆಳಿಗ್ಗೆ ತಿಂಡಿ ತಿನ್ನದ ಹುಡುಗ ಜಿಮ್ಮಿನವರ ಮಾತು ಕೇಳಿ ಸಾವಿರಗಟ್ಟಲೆ ಕೊಟ್ಟು ಅದನ್ನು ತಂದರೆ, ಆ ಹಣದಲ್ಲಿ ಮನೆಯ ಎಲ್ಲ ಮಕ್ಕಳಿಗೂ ತಿಂಗಳುಗಟ್ಟಲೆ ಮೊಟ್ಟೆ ಬರುತ್ತಿತ್ತು. ಹೆಸರು ತಿಳಿಯದ ಪುಡಿಯಲ್ಲಿ ನಿಷೇಧಿತ ವಸ್ತು ಬೆರೆತಿದ್ದರೆ, ಗೊತ್ತಿಲ್ಲದೆ ತಿಂದೆ ಎಂದರೂ ಡೋಪಿಂಗ್ ನಿಯಮದಲ್ಲಿ ಹೊಣೆ ಆಟಗಾರನದ್ದೇ. ಎನರ್ಜಿ ಡ್ರಿಂಕಿನ ಕ್ಯಾನಿನ ಮೇಲೆ ಮಕ್ಕಳಿಗೆ ತಕ್ಕದ್ದಲ್ಲ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಓದಿ. ಓಆರ್‌ಎಸ್, ಅಂದರೆ ಮೈಯ ನೀರು ಹೋದಾಗ ಕುಡಿಸುವ ಉಪ್ಪು-ಸಕ್ಕರೆಯ ದ್ರಾವಣ, ಎಂದು ಹೆಸರಿಟ್ಟು ಮಾರುತ್ತಿದ್ದ ಸಿಹಿನೀರಿನ ಪೊಟ್ಟಣಗಳಿಗೆ ಆ ಹೆಸರು ಬಳಸಬಾರದೆಂದು 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೇ ಆದೇಶಿಸಿತು. ಮೆಡಿಕಲ್ಲಿನಲ್ಲಿ ಸಿಗುವ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿ ತಂದು ಒಂದು ಲೀಟರ್ ನೀರಿಗೆ ಕಲಸಿ. ಬೊಂಡ, ಅಂದರೆ ಎಳನೀರು, ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಶಿಯಂ ಹೆಚ್ಚು, ಸೋಡಿಯಂ ಕಡಿಮೆ. ತುಂಬ ಬೆವರಿದ ದಿನ ಅದಕ್ಕೆ ಚಿಟಿಕೆ ಉಪ್ಪು ಹಾಕಿ, ಇಲ್ಲವೇ ಉಪ್ಪು ಹಾಕಿದ ಮಜ್ಜಿಗೆ ನೀರು ಕುಡಿಯಿರಿ. ಆಟ ಮುಗಿದ ಮೇಲೆ ನಮ್ಮ ಪೇಟೆಯ ಅವಿಲ್ ಮಿಲ್ಕ್ ಇದೆಯಲ್ಲ, ಅವಲಕ್ಕಿ, ಬಾಳೆಹಣ್ಣು, ಹಾಲು, ನೆಲಗಡಲೆ, ಸಕ್ಕರೆ ಕಡಿಮೆ ಮಾಡಿಸಿ ಕುಡಿದರೆ ಅದಕ್ಕಿಂತ ಒಳ್ಳೆಯ ರಿಕವರಿ ಡ್ರಿಂಕ್ ನನಗೆ ಗೊತ್ತಿಲ್ಲ.

ಶಾಲೆಯ ಮಧ್ಯಾಹ್ನದ ಊಟ ಕೇರಳದಲ್ಲಿ ಎಂಟನೆಯ ತರಗತಿಯವರೆಗೆ. ಹಿರಿಯ ಪ್ರಾಥಮಿಕದ ಮಗುವಿಗೆ ಆ ಒಂದು ಊಟದಲ್ಲಿ 700 ಕ್ಯಾಲರಿ, 20 ಗ್ರಾಂ ಪ್ರೋಟೀನ್ ಇರಬೇಕೆಂಬ ನಿಯಮ. ಒಂಬತ್ತಕ್ಕೆ ಕಾಲಿಟ್ಟ ದಿನ ಅದು ನಿಲ್ಲುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಅಂದಾಜಿನಲ್ಲಿ 13ರಿಂದ 15ರ ಹುಡುಗನಿಗೆ ದಿನಕ್ಕೆ 2860 ಕ್ಯಾಲರಿ ಬೇಕಿದ್ದರೆ 16ರಿಂದ 18ರವನಿಗೆ 3320. ಮೈ ಹೆಚ್ಚು ಕೇಳುವ ಹೊತ್ತಿಗೇ ಬಟ್ಟಲು ಹಿಂದೆ ಹೋಗುತ್ತದೆ. ಕೆಲವರು ಬುತ್ತಿ ತರುತ್ತಾರೆ. ತರದವರು ಗೇಟಿನ ಹೊರಗಿನ ಅಂಗಡಿಯಿಂದ ಚಿಪ್ಸ್ ತಿಂದು, ನಾಲ್ಕು ಗಂಟೆಗೆ ಬೂಟು ಕಟ್ಟಿ ಸಾಲಿನಲ್ಲಿ ನಿಲ್ಲುತ್ತಾರೆ. "ನಮ್ಮವ ಬೆಳಿಗ್ಗೆ ಚಾ ಮಾತ್ರ ಕುಡಿದು ಬರುದು ಟೀಚರೇ, ಎಂತ ಮಾಡುದು, ಬಸ್ಸಿಗೆ ಹೊತ್ತಾಗ್ತದೆ" ಎನ್ನುವ ಅಮ್ಮಂದಿರ ಮಾತೂ ಸುಳ್ಳಲ್ಲ, ಒಳಗಿನ ಊರುಗಳಿಂದ ಬರುವ ಬಸ್ಸು ತಪ್ಪಿದರೆ ಮತ್ತೆ ಒಂದು ಗಂಟೆ.

ಈ ಸಲ ಜೂನಿನ ಹೆತ್ತವರ ಸಭೆಯಲ್ಲಿ ನಾನು ಕೇಳುವುದು ನಾಲ್ಕು ಗಂಟೆಯ ತಿಂಡಿ. ಮೈದಾನದಲ್ಲಿ ಉಳಿಯುವ ಪ್ರತಿ ಮಗುವಿಗೂ, ತಂಡದಲ್ಲಿರಲಿ ಇಲ್ಲದಿರಲಿ, ಬೇಯಿಸಿದ ಕಡಲೆ ಒಂದು ಸೌಟು, ಎರಡು ಬಾಳೆಹಣ್ಣು, ಒಂದು ಲೋಟ ಉಪ್ಪು ಮಜ್ಜಿಗೆ. ತೋಟ ಇರುವವರು ವಾರಕ್ಕೊಬ್ಬರಂತೆ ಗೊನೆ ತರಲಿ. ಮಧ್ಯಾಹ್ನದ ಅಡುಗೆ ಮಾಡುವ ಅಕ್ಕನನ್ನು ಈಗಾಗಲೇ ಕೇಳಿದ್ದೇನೆ. ಕಡಲೆ ರಾತ್ರಿಯೇ ನೆನೆ ಹಾಕಿಟ್ಟರೆ ಅನ್ನದ ಒಲೆ ಆರುವ ಮೊದಲು ಬೇಯಿಸಿಕೊಡುತ್ತೇನೆ, ಆದರೆ ಅಷ್ಟು ಹೊತ್ತು ನಿಂತದ್ದಕ್ಕೆ ನನಗೂ ಸಂಬಳ ಬೇಕು ಎಂದಿದ್ದಾರೆ. ನ್ಯಾಯದ ಮಾತು. ಅದನ್ನೂ ಸಭೆಯ ಲೆಕ್ಕದಲ್ಲಿ ಸೇರಿಸಿದ್ದೇನೆ.